ಮನೆಯಲ್ಲೇ ರೂಮು, ಮನೆಯದೇ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆ. ಮಹಡಿ ಮೇಲಿನ ಎರಡು ರೂಮುಗಳಲ್ಲಿ 14 ವರ್ಷದಿಂದ ಯಾರಾದರೂ ಇದ್ದೇ ಇರುತ್ತಾರೆ. ಮಾನಸಗಂಗೋತ್ರಿಯಲ್ಲಿ ಓದುವವರು, ಬ್ಯಾಂಕ್ ಪರೀಕ್ಷೆಗೆ ತಯಾರಾಗುವವರು, ಹೊಸದಾಗಿ ಕೆಲಸಕ್ಕೆ ಸೇರಿ ಊರು ಗೊತ್ತಿಲ್ಲದವರು. ರೂಮು ಕೇಳಿಕೊಂಡು ಬರುವವರದ್ದು ಅವೇ ಪ್ರಶ್ನೆಗಳು. "ಮಕ್ಕಳು ಹೊರಗೆ ಹೋದರು, ನಾವೂ ಯಾರನ್ನಾದರೂ ಇಟ್ಟುಕೊಳ್ಳೋಣ ಅಂತಿದ್ದೀವಿ" ಅನ್ನುವ ಅಕ್ಕಪಕ್ಕದವರದ್ದೂ ಹೆಚ್ಚುಕಮ್ಮಿ ಅವೇ. ಹಾಗಾಗಿ ಇಬ್ಬರಿಗೂ ಸೇರಿಸಿ ಬರೆದಿದ್ದೇನೆ.

ಬೋರ್ಡ್ ಹಾಕಿರುವ ಪಿಜಿಗೂ ಮನೆಯಲ್ಲಿರುವ ಪಿಜಿಗೂ ಏನು ವ್ಯತ್ಯಾಸ?

ಬೋರ್ಡ್ ಹಾಕಿರುವುದು ವ್ಯಾಪಾರ. ಅದರಲ್ಲಿ ತಪ್ಪೇನಿಲ್ಲ. ಇಡೀ ಕಟ್ಟಡ ಅದಕ್ಕೇ ಇರುತ್ತದೆ, ಅಡುಗೆಯವರು ಬೇರೆ, ನೋಡಿಕೊಳ್ಳುವವರು ಬೇರೆ. ಅದಕ್ಕೆ ಲೈಸೆನ್ಸ್ ಬೇಕು, ನಿಯಮಗಳೂ ಇವೆ. ಬೆಂಗಳೂರಿನಲ್ಲಿ 2024ರ ಆಗಸ್ಟ್‌ನಲ್ಲಿ ಬಿಬಿಎಂಪಿ ಹೊರಡಿಸಿದ ನಿಯಮದಲ್ಲಿ ಸಿಸಿಟಿವಿಯಿಂದ ಹಿಡಿದು ಸ್ನಾನದ ನೀರಿನವರೆಗೆ ಎಲ್ಲವೂ ಇತ್ತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು.

ನಮ್ಮದು ಹಾಗಲ್ಲ. ನಾವು ತಿಂದದ್ದನ್ನೇ ನೀವೂ ತಿನ್ನುತ್ತೀರಿ. ನಮ್ಮ ಮನೆಗೆ ನೆಂಟರು ಬಂದರೆ ನಿಮಗೂ ಗದ್ದಲ. ಆದರೂ ಆ 70 ಅಡಿ ಲೆಕ್ಕ ನನಗೆ ಇಷ್ಟವಾಯಿತು. ಟೇಪು ಹಿಡಿದು ನಮ್ಮ ಚಿಕ್ಕ ರೂಮು ಅಳೆದೆ. 9 ಅಡಿಗೆ 11 ಅಡಿ. ಅಲ್ಲಿಗೆ 99 ಚದರ ಅಡಿ, ಒಬ್ಬರಿಗೇ ಸರಿ. "ಇನ್ನೊಂದು ಮಂಚ ಹಾಕಿದ್ರೆ ಇನ್ನೊಬ್ಬರು ಆಗಲ್ವಾ?" ಅನ್ನುವವರಿಗೆ ಈಗ ಉತ್ತರ ಸಿಕ್ಕಿತು.

ರೂಮು ನೋಡಲು ಹೋದಾಗ ಮೊದಲು ಏನು ಕೇಳಬೇಕು?

ರಾತ್ರಿ ಊಟ ಎಷ್ಟು ಗಂಟೆಗೆ ಅಂತ ಕೇಳಿ.

ಎಲ್ಲರೂ ಬಾಡಿಗೆ ಕೇಳುತ್ತಾರೆ, ಅಡ್ವಾನ್ಸ್ ಕೇಳುತ್ತಾರೆ, ವೈಫೈ ಪಾಸ್‌ವರ್ಡ್‌ವರೆಗೂ ಹೋಗುತ್ತಾರೆ. ಊಟದ ಹೊತ್ತು ಕೇಳಿದವರು ಇಷ್ಟು ವರ್ಷದಲ್ಲಿ ಇಬ್ಬರೋ ಮೂವರೋ. ನಮ್ಮ ಮನೆಯಲ್ಲಿ ಆಗಿರುವ ಮುನಿಸುಗಳ ಬುಡ ಹುಡುಕಿದರೆ ಅಲ್ಲೇ ಸಿಗುತ್ತದೆ.

ಎರಡನೇ ವರ್ಷ ಒಬ್ಬ ಹುಡುಗಿ ಇದ್ದಳು. ಕೆಲಸ ಮುಗಿಸಿ ಬರುವುದು ರಾತ್ರಿ ಹತ್ತೂವರೆ, ಕೆಲವೊಮ್ಮೆ ಹನ್ನೊಂದು. ನಾನು ಅಲ್ಲಿವರೆಗೆ ಎದ್ದಿದ್ದು, ಸಾರು ಬಿಸಿ ಮಾಡಿ, ಬಡಿಸಿ ಮಲಗುತ್ತಿದ್ದೆ. ಅವಳು ಅದನ್ನು ಕೇಳಿರಲೇ ಇಲ್ಲ. "ಆಂಟಿ, ನೀವು ಮಲ್ಕೊಳ್ಳಿ" ಅಂತಲೂ ಹೇಳುತ್ತಿದ್ದಳು. ನಾನು "ಪರವಾಗಿಲ್ಲ ಬಿಡಮ್ಮ" ಅನ್ನುತ್ತಿದ್ದೆ, ಒಳಗೊಳಗೇ ಕುದಿಯುತ್ತಿದ್ದೆ. ಒಂದು ರಾತ್ರಿ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟೆ. ಅವಳು ಏನೂ ಹೇಳಲಿಲ್ಲ. ಮುಂದಿನ ತಿಂಗಳು ರೂಮು ಬಿಟ್ಟಳು. ತಪ್ಪು ನನ್ನದೇ. ಹೇಳಬೇಕಾದ್ದನ್ನು ಬಾಯಿಬಿಟ್ಟು ಹೇಳದೆ ತಟ್ಟೆಯಲ್ಲಿ ಹೇಳಿದೆ.

ಈಗ ಎಂಟೂವರೆಗೆ ಊಟ. ತಡವಾಗುವವರು ಏಳು ಗಂಟೆಯೊಳಗೆ ಮೆಸೇಜ್ ಹಾಕಬೇಕು. ಅಡುಗೆಮನೆ ಕಟ್ಟೆ ಮೇಲೆ ಮೂರು ಸ್ಟೀಲ್ ಡಬ್ಬಿ ಇವೆ, ಮುಚ್ಚಳದ ಮೇಲೆ ನೇಲ್ ಪಾಲಿಶ್‌ನಲ್ಲಿ 1, 2, 3 ಅಂತ ಬರೆದಿದ್ದೇನೆ. ಪೆನ್ನಿನಲ್ಲಿ ಬರೆದರೆ ತೊಳೆದಾಗ ಹೋಗುತ್ತದೆ. ಡಬ್ಬಿಯಲ್ಲಿ ಅನ್ನ, ಪಲ್ಯ. ಪಕ್ಕದ ಪುಟ್ಟ ಪಾತ್ರೆಯಲ್ಲಿ ಸಾರು. ಬಿಸಿ ಮಾಡಿಕೊಂಡು ತಿಂದು, ತೊಳೆದು ಬೋರಲು ಹಾಕಿ ಹೋಗುವುದು. ನಾನು ಒಂಬತ್ತೂವರೆಗೆ ಮಲಗುತ್ತೇನೆ.

ಊಟದಲ್ಲಿ ಏನೇನು ಇರುತ್ತದೆ?

ಬೆಳಗ್ಗೆ ಎಂಟಕ್ಕೆ ತಿಂಡಿ, ಜೊತೆಗೆ ಮಧ್ಯಾಹ್ನದ ಡಬ್ಬಿ, ರಾತ್ರಿ ಊಟ. ಉಪ್ಪಿಟ್ಟು, ಅವಲಕ್ಕಿ, ಅಕ್ಕಿ ರೊಟ್ಟಿ, ಚಿತ್ರಾನ್ನ, ಭಾನುವಾರ ಇಡ್ಲಿ ಅಥವಾ ದೋಸೆ. ಊಟಕ್ಕೆ ಅನ್ನ, ಹುಳಿ ಅಥವಾ ಸಾರು, ಒಂದು ಪಲ್ಯ, ಮಜ್ಜಿಗೆ. ಚಪಾತಿ ವಾರದಲ್ಲಿ ಮೂರು ದಿನ. ಡಿಸೆಂಬರ್, ಜನವರಿಯಲ್ಲಿ ಅವರೆಕಾಳು ಬಂತೆಂದರೆ ನಮ್ಮ ಮನೆಯಲ್ಲಿ ಬೇರೆ ತರಕಾರಿಗೆ ರಜ. ಅದು ಆಗದವರು ಆ ಎರಡು ತಿಂಗಳು ಕಷ್ಟಪಡಬೇಕಾಗುತ್ತದೆ, ಮೊದಲೇ ಹೇಳಿರುತ್ತೇನೆ. ಏಕಾದಶಿ ದಿನ ಈರುಳ್ಳಿ ಹಾಕುವುದಿಲ್ಲ.

ಇಷ್ಟು ಹೇಳಿದರೂ ಬೇರೆ ಊರಿನ ನಾಲಿಗೆಗೆ ನಮ್ಮ ಅಡುಗೆ ಒಗ್ಗುವುದು ಸುಲಭವಲ್ಲ. ವಿಜಯಪುರ ಕಡೆಯ ಹುಡುಗ ಒಬ್ಬ ಬಂದಿದ್ದ. ಮೊದಲ ವಾರ ತಲೆ ತಗ್ಗಿಸಿ ತಿಂದ. ಎಂಟನೇ ದಿನಕ್ಕೆ ಕೇಳಿದ: "ಆಂಟಿ, ತಪ್ಪ ತಿಳ್ಕೋಬ್ಯಾಡ್ರಿ. ನೀವು ಹುಳಿಗೆ ಬೆಲ್ಲ ಯಾಕ ಹಾಕ್ತೀರ್ರಿ?" ನನಗೆ ನಗು ತಡೆಯಲಿಲ್ಲ. ಚಿಟಿಕೆ ಬೆಲ್ಲ ಇಲ್ಲದ ಹುಳಿ ನಮಗೆ ಹುಳಿಯೇ ಅಲ್ಲ, ಅವನಿಗೆ ಅದು ಪಾಯಸ.

ಅವನಿಗೆ ಬೇಕಾಗಿದ್ದದ್ದು ಜೋಳದ ರೊಟ್ಟಿ. ನಾನು ಪ್ರಯತ್ನ ಮಾಡಿದೆ. ಬಿಸಿನೀರಿನಲ್ಲಿ ಹಿಟ್ಟು ನಾದಿ ತಟ್ಟಲು ಹೋದರೆ ಅಂಚೆಲ್ಲ ಬಿರುಕು. ಅವನೇ ಅಡುಗೆಮನೆಗೆ ಬಂದು ತೋರಿಸಿಕೊಟ್ಟ, ಅವನದ್ದೂ ಬಿರಿಯಿತು! ಕೊನೆಗೆ ಅವನಮ್ಮ ದಾರಿ ಹುಡುಕಿದರು. ಅವನು ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಊರಿಂದ ಬರುವಾಗಲೆಲ್ಲ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಬರುತ್ತಿತ್ತು. ತಿಂಗಳುಗಟ್ಟಲೆ ಕೆಡದ ರೊಟ್ಟಿ. ನಮ್ಮ ಹುಳಿಗೆ ಅದನ್ನು ಮುರಿದು ಹಾಕಿಕೊಂಡು ತಿನ್ನುತ್ತಿದ್ದ. ಆಮೇಲೆ ನಮ್ಮೆಜಮಾನರೂ ಶುರು ಮಾಡಿದರು.

ಹಾಗಾಗಿ ಬರುವವರಿಗೆ ನನ್ನ ಸಲಹೆ: ನಿಮ್ಮೂರಿನ ಚಟ್ನಿ ಪುಡಿಯೋ ಉಪ್ಪಿನಕಾಯಿಯೋ ಒಂದು ಬಾಟಲಿ ತನ್ನಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಕರಾವಳಿಯವರು ಕುಸುಬಲಕ್ಕಿ ತಂದುಕೊಟ್ಟರೆ ಬೇರೆ ಕುಕ್ಕರ್‌ನಲ್ಲಿ ಇಡುತ್ತೇನೆ, ಬೇಸರವಿಲ್ಲ.

ಮೀನು, ಮೊಟ್ಟೆ, ಮಾಂಸ?

ನಮ್ಮ ಅಡುಗೆಮನೆಯಲ್ಲಿ ಮಾಡುವುದಿಲ್ಲ. ಹೊರಗೆ ತಿಂದು ಬಂದರೆ ನನಗೇನೂ ಇಲ್ಲ.

ಈ ಪ್ರಶ್ನೆಯ ಹಿಂದೆ ಇನ್ನೊಂದು ಇರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. "ವೆಜ್ ಓನ್ಲಿ" ಅಂತ ಬೋರ್ಡ್ ಹಾಕಿ, ಬಂದವರ ಹೆಸರು ಕೇಳಿ, ಊರು ಕೇಳಿ, ಕೊನೆಗೆ "ನೀವು ಯಾವ ಪೈಕಿ?" ಅಂತ ಕೇಳುವ ಮನೆಗಳು ಬೇಕಾದಷ್ಟಿವೆ. ನಮ್ಮತ್ತೆ ಇರುವಾಗ ಅವರೂ ಕೇಳುತ್ತಿದ್ದರು. ನಾನು ಒಳಗೆ ಹೋಗಿ ಕಾಫಿ ಮಾಡುವ ನೆಪದಲ್ಲಿ ನಿಂತುಬಿಡುತ್ತಿದ್ದೆ, ತಡೆಯುತ್ತಿರಲಿಲ್ಲ. ಒಮ್ಮೆ ಒಬ್ಬ ಹುಡುಗ ಆ ಪ್ರಶ್ನೆ ಕೇಳಿದ ಕೂಡಲೇ ಚಪ್ಪಲಿ ಹಾಕಿಕೊಂಡ. ಕಾಫಿ ಲೋಟ ನನ್ನ ಕೈಯಲ್ಲೇ ಉಳಿಯಿತು. ಮನೆ ಕೊಡುವವರು ಅಡುಗೆಮನೆಯ ನಿಯಮ ಹೇಳಬಹುದು, ಹೇಳಲೇಬೇಕು. ಪೈಕಿ ಕೇಳುವುದಕ್ಕೂ ಅಡುಗೆಮನೆಗೂ ಸಂಬಂಧ ಇಲ್ಲ.

ಹಿಂದೆ ವಾರಾನ್ನ ಅಂತಿತ್ತಲ್ಲ, ಇದೂ ಅದೇನಾ?

ಅಲ್ಲ. ವಾರಾನ್ನಕ್ಕೆ ದುಡ್ಡಿರಲಿಲ್ಲ. ಊರು ಬಿಟ್ಟು ಓದಲು ಬಂದ ಬಡ ಹುಡುಗರಿಗೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಸೋಮವಾರ ಈ ಮನೆ, ಮಂಗಳವಾರ ಆ ಮನೆ. ಏಳು ಮನೆ ಹೊಂದಿಸಿಕೊಂಡರೆ ವರ್ಷ ಕಳೆಯಿತು. ಐದೇ ಸಿಕ್ಕಿದರೆ ಎರಡು ದಿನ ನೀರು. ಆದರೆ ಅದು ಬಹುಮಟ್ಟಿಗೆ ಜಾತಿಯೊಳಗಿನ ಏರ್ಪಾಡು. ಉಳಿದವರಿಗೆ ಮಠಗಳು ಇದ್ದವು, ಆಮೇಲೆ ಸಮುದಾಯದ ಹಾಸ್ಟೆಲ್‌ಗಳು ಬಂದವು. ಅದೂ ಇಲ್ಲದವರು ಓದೇ ಬಿಟ್ಟರು.

ನಮ್ಮ ಮಾವ ಹೈಸ್ಕೂಲು ಓದಿದ್ದು ವಾರಾನ್ನದಲ್ಲೇ, ಇಲ್ಲೇ ಅಗ್ರಹಾರದಲ್ಲಿ. ಎರಡನೇ ಸಲ ಹುಳಿ ಬೇಕು ಅಂತ ಯಾವ ಮನೆಯಲ್ಲೂ ಕೇಳಿರಲಿಲ್ಲವಂತೆ. "ಇನ್ನೊಂದು ಸ್ವಲ್ಪ ಹಾಕಲಾ?" ಅಂದರೆ ಸಾಕು ಅನ್ನುವುದೇ ಬಾಯಿಗೆ ಬರುತ್ತಿತ್ತಂತೆ, ಹೊಟ್ಟೆ ಬೇರೆ ಹೇಳುತ್ತಿದ್ದರೂ. ಅದಕ್ಕೇ ನಮ್ಮ ಮನೆಯಲ್ಲಿ ಅವರು ಮಾಡಿದ ನಿಯಮ ಒಂದಿದೆ. ಬಡಿಸುವಾಗ ಕೇಳುವುದಿಲ್ಲ. ಪಾತ್ರೆಗಳೆಲ್ಲ ಮೇಜಿನ ಮೇಲೆ ಸೌಟಿನ ಸಮೇತ ಇರುತ್ತವೆ. ಎಷ್ಟು ಬೇಕೋ ಅಷ್ಟು ಹಾಕಿಕೊಳ್ಳಿ, ಯಾರೂ ನೋಡುವುದಿಲ್ಲ.

ತಿಂಗಳಿಗೆ ಎಷ್ಟು? ಹೇಗೆ ಲೆಕ್ಕ?

ನಮ್ಮಲ್ಲಿ ಸದ್ಯ ಒಬ್ಬರಿಗೆ 8,500. ಅದರಲ್ಲಿ 3,500 ರೂಮಿಗೆ, 5,000 ಊಟ ತಿಂಡಿಗೆ. ಹೀಗೆ ಬಿಡಿಸಿ ಹೇಳುವುದು ಒಳ್ಳೆಯದು. ಬೇಳೆ, ಎಣ್ಣೆ ರೇಟು ಏರಿದಾಗ ಊಟದ ಭಾಗ ಮಾತ್ರ ಜಾಸ್ತಿ ಮಾಡಿದರೆ ಯಾರೂ ಗೊಣಗುವುದಿಲ್ಲ.

ಹೊಸದಾಗಿ ಶುರು ಮಾಡುವವರು ಸಾಮಾನಿನ ಪಟ್ಟಿ ಹಾಕಿ ಲೆಕ್ಕ ಮಾಡುತ್ತಾರೆ, ಗ್ಯಾಸ್ ಮರೆಯುತ್ತಾರೆ. ನಾವಿಬ್ಬರೇ ಇದ್ದಾಗ 14.2 ಕೆಜಿಯ ಸಿಲಿಂಡರ್ 55 ದಿನ ಬರುತ್ತಿತ್ತು. ಮೂವರು ಸೇರಿದ ಮೇಲೆ 25 ದಿನಕ್ಕೆ ಖಾಲಿ. ನಿಮ್ಮ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. "ನಮಗೆ ಹೇಗೂ ಅಡುಗೆ ಮಾಡ್ತೀವಲ್ಲ, ಅದರ ಜೊತೆಗೇ ಆಗುತ್ತೆ" ಅನ್ನುವುದು ಯಾವತ್ತೂ ಅಡುಗೆ ಮಾಡದ ಗಂಡಸರ ಮಾತು.

ಅಡ್ವಾನ್ಸ್?

ಒಂದು ತಿಂಗಳದ್ದು ಸಾಕು. ಬೆಂಗಳೂರಿನಲ್ಲಿ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದನ್ನು ನೋಡಿ ಇಲ್ಲೂ ಕೆಲವರು ಮೂರು ತಿಂಗಳು ಕೇಳುತ್ತಾರೆ. ಒಂದು ಸೂಟ್‌ಕೇಸು, ಒಂದು ಹಾಸಿಗೆ ತರುವ ಹುಡುಗರು ಅಷ್ಟು ಯಾಕೆ ಕೊಡಬೇಕು? ಕೊಟ್ಟಿದ್ದಕ್ಕೆ ರಸೀದಿ ಅಥವಾ ಯುಪಿಐ ದಾಖಲೆ ಇಟ್ಟುಕೊಳ್ಳಿ.

ಊರಿಗೆ ಹೋದ ದಿನಗಳ ದುಡ್ಡು ಕಳೆಯುತ್ತೀರಾ?

ರೂಮಿನದು ಇಲ್ಲ. ಊಟದ್ದು, ಮೂರು ದಿನದವರೆಗೆ ಇಲ್ಲ. ನಾಲ್ಕನೇ ದಿನದಿಂದ ದಿನಕ್ಕೆ 120 ರೂಪಾಯಿ ಕಳೆಯುತ್ತೇನೆ, ಹಿಂದಿನ ದಿನವೇ ಹೇಳಿದ್ದರೆ ಮಾತ್ರ.

ಈ ನಿಯಮ ಬಂದದ್ದಕ್ಕೆ ಒಂದು ಕಥೆ ಇದೆ. ಅಕೌಂಟ್ಸ್ ಓದುತ್ತಿದ್ದ ಹುಡುಗನೊಬ್ಬ ಗೋಡೆಯ ಕ್ಯಾಲೆಂಡರಿನಲ್ಲಿ ತಾನು ತಪ್ಪಿಸಿದ ಊಟಗಳಿಗೆಲ್ಲ ಸಣ್ಣ ಸೊನ್ನೆ ಹಾಕಿಟ್ಟಿದ್ದ. ತಿಂಗಳ ಕೊನೆಗೆ ಕ್ಯಾಲೆಂಡರನ್ನೇ ಕೆಳಗೆ ತಂದ. 11 ಮಧ್ಯಾಹ್ನ, 4 ರಾತ್ರಿ, ಒಂದು ಅರ್ಧ ತಿಂಡಿ. ಅರ್ಧ ತಿಂಡಿ ಅಂದರೇನು ಅಂತ ಕೇಳಿದೆ. "ಅವತ್ತು ಚಟ್ನಿ ಇರ್ಲಿಲ್ಲ ಆಂಟಿ" ಅಂದ. ಈಗ ಅವನು ಆಡಿಟರ್ ಆಗಿದ್ದಾನೆ.

ಕರೆಂಟ್, ಬಿಸಿನೀರು?

ಮನೆ ಕೊಡುವವರು ಈ ಭಾಗ ಗಮನವಿಟ್ಟು ಓದಿ. ಗೃಹಜ್ಯೋತಿಯಲ್ಲಿ ನಮಗೆ ಸೊನ್ನೆ ಬಿಲ್ಲು ಬರುತ್ತಿದೆ ಅಂತ ಆರಾಮಾಗಿ ಇದ್ದವರಿಗೆ, ಇಬ್ಬರು ಸೇರಿದ ತಿಂಗಳಲ್ಲೇ ಗೊತ್ತಾಗುತ್ತದೆ. ನಿಮಗೆ ನಿಗದಿಯಾದ ಯೂನಿಟ್ ಮೀರಿದರೆ ಹೆಚ್ಚಿನದಕ್ಕೆ ಕಟ್ಟಬೇಕು. 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಿಮ್ಮ ತಲೆಗೆ. 201 ಆದರೂ ಅಷ್ಟೇ.

ಜಾಸ್ತಿ ಎಳೆಯುವುದು ಫ್ಯಾನೂ ಅಲ್ಲ, ಲ್ಯಾಪ್‌ಟಾಪೂ ಅಲ್ಲ, ಗೀಸರ್. 2,000 ವ್ಯಾಟ್‌ನದು ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಮೂವರು ದಿನಾ ಅರ್ಧರ್ಧ ಗಂಟೆ ಹಾಕಿದರೆ ತಿಂಗಳಿಗೆ 90 ಯೂನಿಟ್ ಸ್ನಾನಕ್ಕೇ ಹೋಯಿತು. ನಮ್ಮ ಮನೆಯಲ್ಲಿ ಸೋಲಾರ್ ಇದೆ, ಬಚಾವು. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ. ಆಗ ಬೆಳಗ್ಗೆ ಆರರಿಂದ ಏಳೂವರೆವರೆಗೆ ಮಾತ್ರ ಗೀಸರ್, ಆಮೇಲೆ ಮೇನ್ ಸ್ವಿಚ್ ನಾನೇ ಆರಿಸುತ್ತೇನೆ. ಏಳು ಮುಕ್ಕಾಲಿಗೆ ಎದ್ದವರು ತಣ್ಣೀರಲ್ಲಿ ಸ್ನಾನ ಮಾಡಬಹುದು, ಇಲ್ಲವೇ ಮುಖ ತೊಳೆದುಕೊಂಡು ಹೋಗಬಹುದು. ಎರಡನ್ನೂ ಮಾಡುವವರಿದ್ದಾರೆ.

ಅಗ್ರಿಮೆಂಟ್ ಬೇಕಾ?

ಬೇಕು. ಪರಿಚಯದವರ ಮಗ ಆದರೂ ಬೇಕು. ಅವರ ಹತ್ತಿರ ನಾಳೆ ಕೇಳಲು ಬಾಯಿ ಬರುವುದಿಲ್ಲವಲ್ಲ, ಅದಕ್ಕೇ ಇನ್ನೂ ಹೆಚ್ಚಾಗಿ ಬೇಕು.

ನಮ್ಮ ಮನೆಯೊಳಗೇ ಒಂದು ರೂಮು ಕೊಟ್ಟು, ಮನೆ ಬೀಗ ನಮ್ಮ ಕೈಯಲ್ಲೇ ಇರುವಾಗ ಅದನ್ನು ಸಾಮಾನ್ಯವಾಗಿ ಬಾಡಿಗೆ ಕರಾರಿನ ಬದಲು ಲೈಸೆನ್ಸ್ ಕರಾರು ಮಾಡಿಕೊಳ್ಳುತ್ತಾರೆ. ಅಂದರೆ ಇರಲು ಅನುಮತಿ, ಅಷ್ಟೇ. 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಈ ಮಾತಿದೆ. 11 ತಿಂಗಳು ಅಂತ ಯಾಕೆ ಬರೆಯುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಪತ್ರ ನೋಂದಣಿ ಆಗಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಆ ಓಡಾಟ ಬೇಡ ಅಂತ 11.

ಸ್ಟಾಂಪ್ ಪೇಪರಿನಲ್ಲಿ ಟೈಪ್ ಮಾಡಿಸುವವರು ಕೊಡುವ ನಮೂನೆಯಲ್ಲಿ ಊಟದ ವಿಷಯ ಒಂದು ಸಾಲೂ ಇರುವುದಿಲ್ಲ. ಅದರ ಹಿಂದೆ ಇನ್ನೊಂದು ಹಾಳೆ ಸೇರಿಸಿ. ಊಟದ ಹೊತ್ತು, ರಜೆಯ ಲೆಕ್ಕ, ಗೀಸರ್, ಗೇಟು, ಬಿಡುವ ಮುಂಚೆ ಎಷ್ಟು ದಿನ ಹೇಳಬೇಕು. ಇಬ್ಬರೂ ಸಹಿ ಹಾಕಿ, ಇಬ್ಬರೂ ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮದರಲ್ಲಿ ಅವರೆಕಾಳೂ ಇದೆ.

ಪೊಲೀಸ್ ಸ್ಟೇಷನ್‌ಗೆ ಹೇಳಬೇಕಾ? ಆಧಾರ್ ಕೊಡಬೇಕಾ?

ಇರುವವರ ಫೋಟೊ, ವಿಳಾಸ, ಗುರುತಿನ ಚೀಟಿ ಹತ್ತಿರದ ಠಾಣೆಗೆ ಕೊಟ್ಟು ಒಂದು ಸ್ವೀಕೃತಿ ತೆಗೆದುಕೊಳ್ಳುವುದು ಮನೆಯವರಿಗೇ ಕ್ಷೇಮ. ಅಪ್ಪ ಅಮ್ಮನ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಇರುವವರು ಇಡೀ ಆಧಾರ್ ನಂಬರ್ ಕಾಣುವ ಪ್ರತಿ ಕೊಡಬೇಕಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಆನ್‌ಲೈನ್‌ನಲ್ಲೇ ಸಿಗುತ್ತದೆ.

ಗೋಕುಲಂ ಕಡೆ ಯೋಗ ಕಲಿಯಲು ಬರುವ ವಿದೇಶಿಯರನ್ನು ಮನೆಯಲ್ಲಿ ಇಟ್ಟುಕೊಳ್ಳುವವರು ಬಹಳ ಜನ. ಅವರಿಗೆ ಇನ್ನೊಂದು ಕೆಲಸ ಇದೆ. ವಿದೇಶಿಯರು ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಸಿ ಫಾರಂ ಅಂತ ಜನ ಕರೆಯುವುದು ಇದನ್ನೇ. ಹೋಟೆಲಿಗೆ ಮಾತ್ರ ಅಂತ ತಿಳಿಯಬೇಡಿ, ಮನೆಗೂ ಅನ್ವಯಿಸುತ್ತದೆ.

ಜಿಎಸ್‌ಟಿ, ಎಚ್‌ಆರ್‌ಎ?

ಎರಡು ರೂಮಿನ ಮನೆಗೆ ಜಿಎಸ್‌ಟಿ ಚಿಂತೆ ಬೇಡ. ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ದಾಟಿದರೆ ತಾನೇ ನೋಂದಣಿ ಮಾತು. ದೊಡ್ಡ ಪಿಜಿಗಳಿಗೂ 2024ರ ಜುಲೈಯಿಂದ ವಿನಾಯಿತಿ ಇದೆ: ಒಬ್ಬರಿಗೆ ತಿಂಗಳಿಗೆ 20,000ದೊಳಗೆ ಇದ್ದು, ಸತತ 90 ದಿನವಾದರೂ ಇದ್ದರೆ ತೆರಿಗೆ ಇಲ್ಲ. ಬಂದ ಹಣ ಆದಾಯವೇ, ರಿಟರ್ನ್ಸ್‌ನಲ್ಲಿ ತೋರಿಸಿ.

ಕೆಲಸದಲ್ಲಿರುವವರು ಎಚ್‌ಆರ್‌ಎಗೆ, ಅಂದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಗೆ, ರಸೀದಿ ಕೇಳಿದರೆ ರೂಮಿನ ಭಾಗಕ್ಕೆ ಕೊಡುತ್ತೇನೆ, ಊಟದ್ದಕ್ಕಲ್ಲ. ವರ್ಷಕ್ಕೆ ಒಂದು ಲಕ್ಷದ ಮೇಲೆ ಬಾಡಿಗೆ ತೋರಿಸಿದರೆ ಮನೆಯವರ ಪ್ಯಾನ್ ಬೇಕು.

ಅಡುಗೆಮನೆಗೆ ಬರಬಹುದಾ?

ಬನ್ನಿ. ಒಲೆ ಹಚ್ಚಿದವರೇ ಆರಿಸಿ, ರೆಗ್ಯುಲೇಟರ್ ತಿರುಗಿಸಿ. ಮಧ್ಯರಾತ್ರಿ ಮ್ಯಾಗಿ ಮಾಡಿದರೆ ಪಾತ್ರೆ ಬೆಳಗ್ಗೆ ನನಗೆ ಕಾಣಬಾರದು. ಫ್ರಿಜ್‌ನ ಬಾಗಿಲಿನ ಕೆಳಗಿನ ಸಾಲು ನಿಮ್ಮದು.

ಗೇಟು ಎಷ್ಟು ಹೊತ್ತಿಗೆ ಹಾಕುತ್ತೀರಿ? ಗೆಳೆಯರು ಬರಬಹುದಾ?

ಹತ್ತೂವರೆ. ಆಮೇಲೆ ಬರುವುದಾದರೆ ಕೀ ತೆಗೆದುಕೊಂಡು ಹೋಗಿ. ಹುಡುಗಿಯರಿಗೆ ಎಂಟು, ಹುಡುಗರಿಗೆ ಹನ್ನೊಂದು ಅಂತ ನಿಯಮ ಮಾಡುವ ಮನೆಗಳಿವೆ. ನನಗೆ ಅದು ಅರ್ಥವಾಗುವುದಿಲ್ಲ. ಕುಕ್ಕರಹಳ್ಳಿ ಕೆರೆ ಪಕ್ಕದ ಲೈಬ್ರರಿಯಿಂದ ಒಂಬತ್ತಕ್ಕೆ ಬರುವ ಹುಡುಗಿ ಗೇಟಿನ ಹೊರಗೆ ನಿಂತಿದ್ದರೆ ಅದೇನು ಸುರಕ್ಷತೆ?

ಗೆಳೆಯರು ಹಗಲು ಬರಬಹುದು, ಹಾಲ್‌ನಲ್ಲಿ ಕೂರಬಹುದು. ಊಟಕ್ಕೆ ನಿಲ್ಲುವುದಾದರೆ ಬೆಳಗ್ಗೆಯೇ ಹೇಳಿ. ಅಕ್ಕಿ ಹಾಕಿದ ಮೇಲೆ ಹೇಳಬೇಡಿ. ರಾತ್ರಿ ಉಳಿಯುವುದು ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ ಮಾತ್ರ.

ಹುಷಾರು ತಪ್ಪಿದರೆ?

ಮೊದಲ ದಿನ ಗಂಜಿ, ಮೆಣಸಿನ ಸಾರು, ಪ್ಯಾರಾಸಿಟಮಾಲ್. ಎರಡನೇ ದಿನವೂ ಜ್ವರ ಇದ್ದರೆ ಡಾಕ್ಟರ್ ಹತ್ತಿರ ಹೋಗುವುದು, ಮನೆಗೆ ಫೋನ್ ಮಾಡುವುದು. "ಅಮ್ಮಂಗೆ ಹೇಳ್ಬೇಡಿ ಆಂಟಿ, ಹೆದರ್ತಾರೆ" ಅಂತ ಎಲ್ಲರೂ ಹೇಳುತ್ತಾರೆ. ಒಂದು ಸಲ ಆ ಮಾತು ಕೇಳಿ ಸುಮ್ನೆ ಇದ್ದೆ. ನಾಲ್ಕನೇ ದಿನ ರಕ್ತ ಪರೀಕ್ಷೆಯಲ್ಲಿ ಡೆಂಗಿ ಅಂತ ಬಂತು. ಅವರಮ್ಮ ಹಾಸನದಿಂದ ಬಸ್ಸು ಹಿಡಿದು ಬಂದು, ಆಸ್ಪತ್ರೆ ವರಾಂಡದಲ್ಲಿ ನನ್ನ ಕಡೆ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹುಡುಗಿ ವಾರದಲ್ಲಿ ಚೇತರಿಸಿಕೊಂಡಳು. ಈಗ ಯಾರೇ ಬೇಡ ಅಂದರೂ ಎರಡನೇ ದಿನ ಫೋನ್ ಮಾಡುತ್ತೇನೆ. ಇದೂ ಅಗ್ರಿಮೆಂಟಿನ ಹಿಂದಿನ ಆ ಹಾಳೆಯಲ್ಲಿದೆ.

ದಸರಾಕ್ಕೆ ಹತ್ತು ದಿನ ರೂಮು ಸಿಗುತ್ತಾ?

ಇಲ್ಲ. ಆ ಹತ್ತು ದಿನ ನಮ್ಮ ನೆಂಟರಿಗೇ ಜಾಗ ಸಾಲುವುದಿಲ್ಲ.

ನಿಮ್ಮನ್ನು ಏನಂತ ಕರೆಯಬೇಕು?

ಆಂಟಿ ಅನ್ನುತ್ತಾರೆ, ಕೆಲವರು ಅಮ್ಮ ಅನ್ನುತ್ತಾರೆ. ಧಾರವಾಡದ ಹುಡುಗಿಯೊಬ್ಬಳು ಕಾಕು ಅನ್ನುತ್ತಿದ್ದಳು, ಅದು ನನಗೆ ಬಹಳ ಹಿಡಿಸಿತ್ತು. ಮೇಡಂ ಮಾತ್ರ ಬೇಡ. ಮೇಡಂ ಅಂದವರಿಗೆ ಎರಡನೇ ದೋಸೆ ತಡವಾಗಿ ಬರುತ್ತದೆ.

ಬಿಡುವಾಗ ಏನು ಮಾಡಬೇಕು?

ಒಂದು ತಿಂಗಳು ಮುಂಚೆ ಹೇಳಿ. ಅಡ್ವಾನ್ಸ್ ಅದೇ ದಿನ ವಾಪಸ್ ಕೊಡುತ್ತೇನೆ, ಕೀ ಕೈಗೆ ಬಂದ ಮೇಲೆ. ಗೋಡೆಗೆ ಮೊಳೆ ಹೊಡೆದಿದ್ದರೆ ಪರವಾಗಿಲ್ಲ, ಸ್ಟಿಕ್ಕರ್ ಅಂಟಿಸಿದ್ದರೆ ಕಿತ್ತು ಹೋಗಿ.

ಮಂಚದ ಕೆಳಗೆ, ಬಾಗಿಲ ಹಿಂದೆ ಒಮ್ಮೆ ನೋಡಿ. ನಮ್ಮ ಸ್ಟೋರ್ ರೂಮಿನ ಕಪಾಟಿನಲ್ಲಿ ಸದ್ಯ ಬಿಟ್ಟು ಹೋದವರ ಎರಡು ಕೊಡೆ, ಒಂದು ಲ್ಯಾಬ್ ಕೋಟು, ಕೆಎಎಸ್ ಪರೀಕ್ಷೆಯ ಮೂರು ದಪ್ಪ ಪುಸ್ತಕ, ಒಂಟಿ ಶೂ ಇವೆ. ಖಡಕ್ ರೊಟ್ಟಿ ಸುತ್ತಿಕೊಂಡು ಬರುತ್ತಿದ್ದ ಇಳಕಲ್ ಅಂಚಿನ ಬಟ್ಟೆಯೂ ಇದೆ, ಒಗೆದು ಮಡಿಸಿಟ್ಟಿದ್ದೇನೆ. ಯಾರದ್ದು ಅಂತ ಅವನಿಗೆ ಗೊತ್ತು. ಈ ಕಡೆ ಬಂದಾಗ ತೆಗೆದುಕೊಂಡು ಹೋಗಲಿ, ಊಟಕ್ಕೆ ನಿಲ್ಲುವುದಾದರೆ ಬೆಳಗ್ಗೆಯೇ ಹೇಳಲಿ.